ಎರಡೂವರೆ ನಿಮಿಷದ ಕಸರತ್ತು, ವರ್ಷವಿಡೀ ವಸೂಲಿ!

ಚಿಯರ್ ಗರ್ಲ್ಸ್ ಅಂದರೆ ನಮ್ಮ ಜನಕ್ಕೆ ಗೊತ್ತಿರುವುದು ಒಂದೇ ಒಂದು ಚಿತ್ರ. ಐ.ಪಿ.ಎಲ್. ಪಂದ್ಯ ನಡೆದಿದೆ. ಚೆಂಡು ಬೌಂಡರಿ ದಾಟಿತು. ಕ್ಯಾಮರಾ ಪಕ್ಕಕ್ಕೆ ತಿರುಗಿತು. ಕೈಯಲ್ಲಿ ಕುಚ್ಚು ಹಿಡಿದ ನಾಲ್ಕಾರು ಹುಡುಗಿಯರು ಹತ್ತು ಸೆಕೆಂಡು ಕುಣಿದರು. ಅಷ್ಟರಲ್ಲಿ ಜಾಹೀರಾತು ಬಂತು. ಮುಗೀತು.

ಈ ಚಿತ್ರ ಕರ್ನಾಟಕಕ್ಕೆ ಬಂದಿಳಿದದ್ದು 2008ರ ಏಪ್ರಿಲ್ 18ರಂದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್.ನ ಮೊಟ್ಟಮೊದಲ ಪಂದ್ಯ. ವಿಜಯ್ ಮಲ್ಯ ಅವರು ಅಮೆರಿಕದಿಂದ ಆಗ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಎಂದು ಹೆಸರಿದ್ದ ಫುಟ್‌ಬಾಲ್ ತಂಡದ ಚಿಯರ್‌ಲೀಡರುಗಳನ್ನೇ ವಿಮಾನ ಹತ್ತಿಸಿ ಕರೆಸಿದ್ದರು. ಅವತ್ತು ಮೆಕಲಮ್ ಒಬ್ಬನೇ ಔಟಾಗದೆ 158 ರನ್ ಬಾರಿಸಿ ನಮ್ಮ ಬೆಂಗಳೂರಿನವರ ಮಾನ ಕಳೆದ. ಕುಣಿಯಲು ಬಂದವರಿಗೆ ನಮ್ಮ ಕಡೆಯಿಂದ ಕೆಲಸವೇ ಇರಲಿಲ್ಲ ಅನ್ನಿ!

ಆದರೆ ಸ್ವಾಮಿ, ಚಿಯರ್‌ಲೀಡಿಂಗ್‌ನಲ್ಲಿ ಇನ್ನೊಂದು ಜಾತಿಯಿದೆ. ಅಲ್ಲಿ ಬೌಂಡರಿಯೂ ಇಲ್ಲ, ಸಿಕ್ಸರೂ ಇಲ್ಲ. ಪಕ್ಕದಲ್ಲಿ ಬೇರೆ ಪಂದ್ಯವೇ ನಡೆಯುವುದಿಲ್ಲ. ಈ ಹುಡುಗಿಯರೇ ಪಂದ್ಯ. ಒಬ್ಬಳನ್ನು ನಾಲ್ವರು ಸೇರಿ ಮೇಲಕ್ಕೆ ಎಸೆಯುತ್ತಾರೆ, ಅವಳು ಗಾಳಿಯಲ್ಲೇ ಗಿರಕಿ ಹೊಡೆದು ಮತ್ತೆ ಅವರ ಕೈಗೇ ಬೀಳಬೇಕು. ಹೆಗಲ ಮೇಲೆ ಹೆಗಲೇರಿ ಗೋಪುರ ಕಟ್ಟಬೇಕು. ತೀರ್ಪುಗಾರರು ಕೂತು ಅಂಕ ಕೊಡುತ್ತಾರೆ. ಗೆದ್ದವರು, ಸೋತವರು ಇರುತ್ತಾರೆ. ವರ್ಷದ ಕೊನೆಗೆ ದೊಡ್ಡ ದೊಡ್ಡ ಚಾಂಪಿಯನ್‌ಷಿಪ್ ನಡೆಯುತ್ತವೆ. ನಮ್ಮಲ್ಲಿ ಐ.ಪಿ.ಎಲ್. ಬಿಸಿಯೇರುವ ಏಪ್ರಿಲ್, ಮೇ ತಿಂಗಳಲ್ಲೇ ಅಮೆರಿಕದಲ್ಲಿ ಈ ಜಾತ್ರೆ ಕಟ್ಟುತ್ತದೆ.

ಆ ಜಾತ್ರೆಯಲ್ಲಿ ಕುಣಿಯುವವರು ಯಾರು, ದುಡ್ಡು ಕಟ್ಟುವವರು ಯಾರು, ಎಣಿಸಿಕೊಳ್ಳುವವರು ಯಾರು ಎಂಬುದೇ ಇವತ್ತಿನ ಕಥೆ. ಅಂಗಡಿ ನಡೆಸುವ ನಮ್ಮ ಓದುಗರಿಗೆ ಇದರಲ್ಲಿ ಕುಣಿತಕ್ಕಿಂತ ವ್ಯಾಪಾರವೇ ಬೇಗ ಅರ್ಥವಾದೀತು.

ಮೊದಲು ಕೂಗಿಸಿದವನು ಗಂಡಸು

ಇದು ಹುಡುಗಿಯರ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1898ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡ ಸೋತೂ ಸೋತೂ ಸುಣ್ಣವಾಗಿತ್ತು. ಆಗ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರ ಮುಂದೆ ಬಂದು ನಿಂತು, ಎಲ್ಲರೂ ಒಟ್ಟಿಗೆ ಕೂಗುವ ಹಾಗೆ ಮಾಡಿದ. ಚಿಯರ್‌ಲೀಡಿಂಗ್ ಹುಟ್ಟಿದ ದಿನ ಅಂತ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆಮೇಲೆ ಎರಡು ದಶಕಕ್ಕೂ ಮಿಕ್ಕಿ ಇದು ಗಂಡುಹುಡುಗರದೇ ಕೆಲಸವಾಗಿತ್ತು. ಹೆಣ್ಣುಮಕ್ಕಳು ಇದಕ್ಕೆ ಕಾಲಿಟ್ಟದ್ದು 1920ರ ದಶಕದಲ್ಲಿ.

ಇದನ್ನು ವ್ಯಾಪಾರ ಮಾಡಿದವನು ಟೆಕ್ಸಾಸ್‌ನ ಲಾರೆನ್ಸ್ ಹರ್ಕಿಮರ್. 1948ರಲ್ಲಿ ಆತ ಮೊದಲ ತರಬೇತಿ ಶಿಬಿರ ನಡೆಸಿದಾಗ ಬಂದದ್ದು 52 ಹುಡುಗಿಯರು, ಒಬ್ಬ ಹುಡುಗ. ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿದ. ಇದನ್ನು ಜನ ಎನ್.ಸಿ.ಎ. ಅನ್ನುತ್ತಾರೆ. ಬಟ್ಟೆ ಮಾರಿದ, ಕುಚ್ಚು ಮಾರಿದ. ಆ ಕುಚ್ಚಿಗೆ 1971ರಲ್ಲಿ ಪೇಟೆಂಟನ್ನೂ ಪಡೆದ! ಕುಣಿಸುವವನಿಗಿಂತ ಕುಣಿಯುವವರಿಗೆ ಸಾಮಾನು ಮಾರುವವನು ಬುದ್ಧಿವಂತ ಅಂತ ಆತನಿಗೆ ಅವತ್ತೇ ಗೊತ್ತಿತ್ತು.

ಆತನ ಕೈಕೆಳಗೆ ಕೆಲಸ ಮಾಡಿದ ಜೆಫ್ ವೆಬ್ ಎಂಬ ಯುವಕ 1974ರಲ್ಲಿ ಹೊರಬಂದು ತನ್ನದೇ ಬೇರೆ ಸಂಸ್ಥೆ ಹೂಡಿದ. ಅದು ಯು.ಸಿ.ಎ. ಅದೇ ಬೆಳೆದು ಇವತ್ತು ವಾರ್ಸಿಟಿ ಎಂಬ ದೈತ್ಯ ಕಂಪನಿ. ಬರೀ ಕೂಗಿಸಿದರೆ ಸಾಲದು, ಅಂಗಸಾಧಕರ ಹಾಗೆ ಲಾಗ ಹಾಕಬೇಕು, ಗೋಪುರ ಕಟ್ಟಬೇಕು, ಟೀವಿಯಲ್ಲಿ ಚೆಂದ ಕಾಣಬೇಕು ಎಂಬುದು ವೆಬ್‌ನ ಲೆಕ್ಕಾಚಾರ. 1980ರ ದಶಕದಲ್ಲಿ ಟೀವಿಯವರೂ ಈ ಸ್ಪರ್ಧೆಗಳನ್ನು ತೋರಿಸತೊಡಗಿದರು. ಅಲ್ಲಿಂದಾಚೆಗೆ ಕೂಗಿಸುವ ಕೆಲಸ ಹಿಂದಾಯಿತು, ಕಸರತ್ತು ಮುಂದಾಯಿತು.

ಹರ್ಕಿಮರ್ 1986ರಲ್ಲಿ ತನ್ನ ವ್ಯಾಪಾರ ಮಾರಿಬಿಟ್ಟ. 2004ರಲ್ಲಿ ಅದನ್ನು ಕೊಂಡವರು ಯಾರು ಅಂತೀರಿ? ಇದೇ ವಾರ್ಸಿಟಿ! ಗುರುವಿನ ಅಂಗಡಿ ಶಿಷ್ಯನ ಪಾಲಾಯಿತು. ಬೋರ್ಡು ಮಾತ್ರ ಎರಡೂ ಹಾಗೇ ಉಳಿದವು. ನೋಡುವವರಿಗೆ ಎರಡು ಸಂಸ್ಥೆ, ಗಲ್ಲಾಪೆಟ್ಟಿಗೆ ಒಂದೇ.

ಎರಡೂವರೆ ನಿಮಿಷದಲ್ಲಿ ಏನೇನು?

ಸ್ಪರ್ಧೆಯ ಅಂಗಳವೆಂದರೆ ಒಂಬತ್ತು ಉದ್ದನೆಯ ಮ್ಯಾಟ್ ಜೋಡಿಸಿದ ನೆಲ. 54 ಅಡಿ ಅಗಲ, 42 ಅಡಿ ಉದ್ದ. ಹಲವೆಡೆ ಕೆಳಗೆ ಸ್ಪ್ರಿಂಗ್. ತಂಡಕ್ಕೆ ಸಿಗುವ ಹೊತ್ತು ಹೆಚ್ಚೆಂದರೆ ಎರಡೂವರೆ ನಿಮಿಷ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಟೀ ಕುಡಿದು ಬರುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಅಷ್ಟರಲ್ಲಿ ಎಲ್ಲವೂ ಆಗಬೇಕು. ಓಡಿಬಂದು ಲಾಗ. ನಿಂತಲ್ಲೇ ಲಾಗ. ಎತ್ತುವುದು, ಎಸೆಯುವುದು, ಹಿಡಿಯುವುದು. ಗೋಪುರ. ಕೊನೆಗೆ ಕುಣಿತ. ಇಷ್ಟೂ ಹೊತ್ತು ಮುಖದಲ್ಲಿ ನಗು ಮಾಸಬಾರದು!

ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಮೇಲೆ ಹಾರುವವಳು ಫ್ಲೈಯರ್. ಕೆಳಗೆ ಹೊರುವವರು ಬೇಸ್. ಹಿಂದೆ ನಿಂತು ಕಾಲಿನ ಗಿಣ್ಣು ಹಿಡಿದು, ಬಿದ್ದರೆ ತಲೆ ಮತ್ತು ಹೆಗಲನ್ನು ಮೊದಲು ಹಿಡಿಯಬೇಕಾದವಳು ಬ್ಯಾಕ್‌ಸ್ಪಾಟ್. ಫೋಟೋದಲ್ಲಿ ಬರುವುದು ಮೇಲಿರುವವಳ ಮುಖ. ಭಾರ ಬೀಳುವುದು ಕೆಳಗಿರುವವರ ಮಣಿಕಟ್ಟಿಗೆ. ಇದರಲ್ಲಿ ಹೊಸದೇನೂ ಇಲ್ಲ ಬಿಡಿ, ಲೋಕದಲ್ಲಿ ಎಲ್ಲಾ ಕಡೆ ಹೀಗೇ.

ಒಬ್ಬಳು ಜಾರಿ ಬಿದ್ದರೆ ಅಂಕ ಕಟ್. ಕೈ ನೆಲಕ್ಕೆ ತಗುಲಿದರೂ ಕಟ್. ಒಂದೇ ಒಂದು ಅಂಕವೂ ಕಡಿತವಾಗದೆ ಮುಗಿಸಿದರೆ ಅದಕ್ಕೆ "ಹಿಟ್ ಝೀರೋ" ಅನ್ನುತ್ತಾರೆ. ನಮ್ಮ ಕಡೆ ಸೊನ್ನೆ ಸುತ್ತಿದ ಅಂದರೆ ಫೇಲು. ಅಲ್ಲಿ ಸೊನ್ನೆ ಬಂತು ಅಂದರೆ ತಾಯಂದಿರು ಆನಂದದಿಂದ ಅಳುತ್ತಾರೆ.

ಇನ್ನೊಂದು ವಿಚಿತ್ರವಿದೆ. ಊರಿನವರನ್ನೆಲ್ಲ ಹುರಿದುಂಬಿಸುವುದು ಇವರ ಮೂಲಕಸುಬು. ಆದರೆ ಇವರನ್ನು ಹುರಿದುಂಬಿಸುವವರು ಯಾರು? ಅದಕ್ಕೂ ಅವರೇ ದಾರಿ ಕಂಡುಕೊಂಡಿದ್ದಾರೆ. ಅಂಗಳಕ್ಕಿಳಿಯದ ತಂಡದ ಉಳಿದವರು ಪಕ್ಕದಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಒಬ್ಬೊಬ್ಬರ ಹೆಸರು ಹಿಡಿದು ಹೊಗಳುತ್ತಾ ಕೂಗುತ್ತಾರೆ. ಇದಕ್ಕೆ ಮ್ಯಾಟ್ ಟಾಕ್ ಅಂತ ಹೆಸರು.

ಸಮುದ್ರಕ್ಕೆ ಹಾರುವ ಗೆದ್ದವರು

ಋತು ಕೊನೆಯ ಜಾತ್ರೆಗಳಲ್ಲಿ ಮೂರು ಹೆಸರು ಮುಖ್ಯ. ಮೂರೂ ನಡೆಯುವುದು ಅಮೆರಿಕದ ದಕ್ಷಿಣ ತುದಿಯ ಫ್ಲಾರಿಡಾ ರಾಜ್ಯದಲ್ಲಿ.

ಒಂದು, ಡೇಟೋನಾ ಬೀಚ್. ಇದು ಕಾಲೇಜು ತಂಡಗಳದು. ಪ್ರತಿ ಏಪ್ರಿಲಿನಲ್ಲಿ ಎನ್.ಸಿ.ಎ. ನಡೆಸುತ್ತದೆ. ಕಡಲ ದಂಡೆಯ ಮೇಲೆ 1937ರಲ್ಲಿ ಕಟ್ಟಿದ ಚಿಪ್ಪುಗಲ್ಲಿನ ಬಯಲು ರಂಗಮಂದಿರವಿದೆ. ಅದರ ಮುಂದೆ ಬಿಸಿಲಲ್ಲಿ, ಗಾಳಿಯಲ್ಲಿ ಸ್ಪರ್ಧೆ. ಕಡಲ ಗಾಳಿ ಜೋರಾದರೆ ಮೇಲೆ ಹಾರಿದವಳ ಗತಿ ದೇವರೇ ಬಲ್ಲ. ಗೆದ್ದ ತಂಡದವರು ಹಾಕಿದ ಬಟ್ಟೆಯಲ್ಲೇ, ಟ್ರೋಫಿ ಸಮೇತ ಓಡಿಹೋಗಿ ಸಮುದ್ರಕ್ಕೆ ಬೀಳುವುದು ಅಲ್ಲಿನ ವಾಡಿಕೆ.

ಈ ಡೇಟೋನಾ ಲೋಕಪ್ರಸಿದ್ಧವಾದದ್ದು 2020ರ ಜನವರಿಯಲ್ಲಿ. ನೆಟ್‌ಫ್ಲಿಕ್ಸ್‌ನವರು "ಚಿಯರ್" ಎಂಬ ಸರಣಿ ಬಿಟ್ಟರು. ಟೆಕ್ಸಾಸ್‌ನ ಕಾರ್ಸಿಕಾನಾ ಎಂಬ ಊರಿನ ನವಾರೊ ಕಾಲೇಜು ತಂಡ 2019ರ ಡೇಟೋನಾಕ್ಕೆ ತಯಾರಾದ ಕಥೆ ಅದು. ಕಾರ್ಸಿಕಾನಾದ ಜನಸಂಖ್ಯೆ ಸುಮಾರು 25 ಸಾವಿರ. ನಮ್ಮ ಒಂದು ತಾಲೂಕು ಕೇಂದ್ರದಷ್ಟು ಅನ್ನಿ. ಕಾಲೇಜೂ ದೊಡ್ಡದೇನಲ್ಲ, ಎರಡು ವರ್ಷದ ಜೂನಿಯರ್ ಕಾಲೇಜು. ಆದರೆ ಮೋನಿಕಾ ಅಲ್ಡಾಮಾ ಎಂಬ ಕೋಚ್ 2000ದಿಂದೀಚೆಗೆ ಆ ತಂಡಕ್ಕೆ ಹತ್ತಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದರು. ಎದುರಾಳಿ ಯಾರು? ಸುಮಾರು 60 ಕಿಲೋಮೀಟರ್ ಆಚೆಯ ಟ್ರಿನಿಟಿ ವ್ಯಾಲಿ ಕಾಲೇಜು. ಅಕ್ಕಪಕ್ಕದ ಊರಿನ ಎರಡು ತಂಡಗಳು ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ, ಕಡಲ ದಂಡೆಗೆ ಹೋಗಿ ಜಗಳ ತೀರಿಸಿಕೊಳ್ಳುತ್ತವೆ!

2020ರಲ್ಲಿ ಕೊರೋನಾ ಬಂದು ಡೇಟೋನಾ ರದ್ದಾಯಿತು. ವರ್ಷವಿಡೀ ಕಲಿತದ್ದೆಲ್ಲ ನೀರುಪಾಲು. 2021ರಲ್ಲಿ ಟ್ರಿನಿಟಿ ವ್ಯಾಲಿ ಗೆದ್ದಿತು. 2022ರಲ್ಲಿ ನವಾರೊ ಮತ್ತೆ ಕಸಿದುಕೊಂಡಿತು.

ಎರಡು, ಚಿಯರ್‌ಲೀಡಿಂಗ್ ವರ್ಲ್ಡ್ಸ್. ಇದು ಕಾಲೇಜಿನದಲ್ಲ, ಆಲ್ ಸ್ಟಾರ್ ಅಂತ ಕರೆಯುವ ಖಾಸಗಿ ಜಿಮ್ ತಂಡಗಳದು. 2004ರಲ್ಲಿ ಶುರುವಾಯಿತು. ಒರ್ಲ್ಯಾಂಡೊ ಬಳಿಯ ಡಿಸ್ನಿ ವರ್ಲ್ಡ್ ಆವರಣದಲ್ಲಿ ಏಪ್ರಿಲ್ ಕೊನೆಗೆ ನಡೆಯುತ್ತದೆ. ಅತಿ ಕಠಿಣ ಹಂತದ ತಂಡಗಳಿಗೆ ಮಾತ್ರ ಪ್ರವೇಶ. ಹೊರದೇಶದ ತಂಡಗಳೂ ಬರುತ್ತವೆ. ಗೆದ್ದವರಿಗೆ ಉಂಗುರ. ಆ ಉಂಗುರಕ್ಕಾಗಿ ಹತ್ತು ಹದಿನೈದು ವರ್ಷ ಬೆವರು ಸುರಿಸಿದವರಿದ್ದಾರೆ.

ಮೂರು, ದಿ ಸಮ್ಮಿಟ್. ವರ್ಲ್ಡ್ಸ್‌ಗೆ ಹೋಗಲು ಅರ್ಹತೆಯಿಲ್ಲದ ಕೆಳಗಿನ ಹಂತದ ತಂಡಗಳು ಸಾವಿರಾರಿವೆಯಲ್ಲ, ಅವಕ್ಕೂ ಒಂದು "ಕೊನೆಯ ಜಾತ್ರೆ" ಬೇಕಲ್ಲ? 2013ರಲ್ಲಿ ವಾರ್ಸಿಟಿ ಇದನ್ನು ಶುರುಮಾಡಿತು. ಇದೂ ಡಿಸ್ನಿಯಲ್ಲೇ. ಪುಟ್ಟ ಪುಟ್ಟ ಮಕ್ಕಳೂ ಇಲ್ಲಿ ಅಂಗಳಕ್ಕಿಳಿಯುತ್ತಾರೆ. ಮುಂದೆ ಸಣ್ಣ ಜಿಮ್‌ಗಳಿಗೆ ಅಂತ ಬೇರೆಯೇ ಇನ್ನೊಂದು ಸಮ್ಮಿಟ್ ಕೂಡ ಬಂತು. ಗಿರಾಕಿ ಎಲ್ಲೆಲ್ಲಿದ್ದಾನೋ ಅಲ್ಲಲ್ಲಿ ಒಂದು ಚಾಂಪಿಯನ್‌ಷಿಪ್.

ಬಿಡ್ ಎಂಬ ಚೀಟಿ

ಈ ಕೊನೆಯ ಜಾತ್ರೆಗಳಿಗೆ ಸುಮ್ಮನೆ ಬಸ್ಸು ಹತ್ತಿ ಹೋಗುವಂತಿಲ್ಲ. ಕೈಯಲ್ಲಿ ಚೀಟಿ ಇರಬೇಕು. ಅದಕ್ಕೆ ಬಿಡ್ ಅನ್ನುತ್ತಾರೆ. ಆಲ್ ಸ್ಟಾರ್ ತಂಡಗಳಿಗೆ ಬಿಡ್ ಸಿಗುವುದು ಎಲ್ಲಿ? ಚಳಿಗಾಲದಲ್ಲಿ ಊರೂರುಗಳಲ್ಲಿ ನಡೆಯುವ, ಬಿಡ್ ಕೊಡಲು ಅಧಿಕಾರ ಪಡೆದ ಸ್ಪರ್ಧೆಗಳಲ್ಲಿ.

ಬಿಡ್‌ನಲ್ಲೂ ತರಹೇವಾರಿ. ತಂಡದ ಪ್ರಯಾಣ ಮತ್ತು ವಸತಿ ಖರ್ಚನ್ನು ಸಂಘಟಕರೇ ಹೊರುವುದು ಪೂರ್ತಿ ಬಿಡ್. ಸ್ವಲ್ಪ ಹೊರುವುದು ಅರೆ ಬಿಡ್. "ಬನ್ನಿ, ಆದರೆ ಖರ್ಚು ನಿಮ್ಮದೇ" ಅನ್ನುವುದು ಮೂರನೆಯದು. ಪೂರ್ತಿ ಬಿಡ್ ಸಿಕ್ಕುವುದು ಕೆಲವೇ ತಂಡಕ್ಕೆ. ಮಿಕ್ಕವರ ಮನೆಯಲ್ಲಿ ಅಪ್ಪ ಅಮ್ಮ ಕೂತು ಲೆಕ್ಕ ಹಾಕಬೇಕು.

ಲೆಕ್ಕ ಸಣ್ಣದಲ್ಲ. ಜಿಮ್‌ಗೆ ತಿಂಗಳ ಶುಲ್ಕ. ಕುಣಿತ ಹೊಂದಿಸಿಕೊಟ್ಟವರಿಗೆ ಶುಲ್ಕ. ಹಾಡಿಗೆ ಶುಲ್ಕ. ಹೊಳೆಯುವ ಸಮವಸ್ತ್ರ, ಬಿಳಿ ಷೂ, ತಲೆಗೆ ಬೋ. ಪ್ರತಿ ಸ್ಪರ್ಧೆಗೂ ಪ್ರವೇಶಧನ. ಮಗಳು ಕುಣಿಯುವುದನ್ನು ನೋಡಲು ಹೆತ್ತವರಿಗೇ ಟಿಕೇಟು! ವರ್ಷಕ್ಕೆ ಸಾವಿರಾರು ಡಾಲರ್ ಕರಗುತ್ತದೆ. ಕೊನೆಗೆ ಡಿಸ್ನಿ ಜಾತ್ರೆ. ಅಲ್ಲಿ ಉಳಿಯಲು ಸಂಘಟಕರು ಹೇಳಿದ ಹೋಟೆಲೇ ಆಗಬೇಕು ಎಂಬ ನಿಯಮ ಹಲವು ದೊಡ್ಡ ಸ್ಪರ್ಧೆಗಳಲ್ಲಿತ್ತು. ಇದಕ್ಕೆ "ಉಳಿದರೆ ಮಾತ್ರ ಆಟ" ಅಂತ ಅರ್ಥ ಬರುವ ಹೆಸರೇ ಇತ್ತು. ಪಕ್ಕದ ಬೀದಿಯಲ್ಲಿ ನಿಮ್ಮ ಸೋದರಮಾವನ ಮನೆಯಿದ್ದರೂ ಪ್ರಯೋಜನವಿಲ್ಲ ಸ್ವಾಮಿ.

ಇನ್ನೊಂದು ಮಾತು. ಈ ಋತು ಮೇ ಮೊದಲ ಭಾಗಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ತಂಡದ ಆಯ್ಕೆ ಶುರುವಾಗುವುದು ಯಾವಾಗ? ಅದೇ ಮೇ ತಿಂಗಳಲ್ಲಿ! ಹಳೆಯ ಸಾಲ ತೀರುವ ಮೊದಲೇ ಹೊಸ ಖಾತೆ.

ರೂಟು, ಬಸ್ಸು, ಟಿಕೇಟು ಎಲ್ಲ ಒಬ್ಬನದೇ

ಬಸ್ಸಿನಲ್ಲಿ ಓಡಾಡುವವರಿಗೆ ಹೀಗೆ ಹೇಳಿದರೆ ಬೇಗ ತಿಳಿದೀತು. ಒಂದು ರೂಟಿನಲ್ಲಿ ನಾಲ್ಕು ಜನರ ಬಸ್ಸು ಓಡುತ್ತಿದ್ದರೆ ಟಿಕೇಟಿನ ದರ ಹಿಡಿತದಲ್ಲಿರುತ್ತದೆ. ನಾಲ್ಕೂ ಬಸ್ಸನ್ನು ಒಬ್ಬನೇ ಕೊಂಡುಕೊಂಡ. ಬಸ್ ಸ್ಟ್ಯಾಂಡಿನ ಹೋಟೆಲೂ ಅವನದೇ ಆಯಿತು. ಪ್ರಯಾಣಿಕ ಹಾಕಿಕೊಳ್ಳಬೇಕಾದ ಅಂಗಿಯೂ ಅವನ ಅಂಗಡಿಯದೇ ಆಗಬೇಕು ಅಂತಾಯಿತು. ಪರ್ಮಿಟ್ ಕೊಡುವ ಕಚೇರಿಗೆ ಬಂಡವಾಳ ಹಾಕಿದವನೂ ಅವನೇ ಅಂದರೆ?

ಅಮೆರಿಕದ ನ್ಯಾಯಾಲಯದ ಮುಂದೆ ಬಂದ ದೂರು ಹೆಚ್ಚುಕಡಿಮೆ ಇದೇ.

ವಾರ್ಸಿಟಿ ಒಂದೊಂದಾಗಿ ಪ್ರತಿಸ್ಪರ್ಧಿ ಸಂಸ್ಥೆಗಳನ್ನು ಕೊಂಡಿತು. 2015ರಲ್ಲಿ ಆಲ್ ಸ್ಟಾರ್ ವಲಯದ ದೊಡ್ಡ ಎದುರಾಳಿಯಾಗಿದ್ದ ಜಾಮ್ ಬ್ರ್ಯಾಂಡ್ಸ್ ಕೂಡ ಅದರ ಬುಟ್ಟಿಗೆ ಬಿತ್ತು. ಸ್ಪರ್ಧೆ ಅದರದು, ಸಮವಸ್ತ್ರ ಅದರದು, ತರಬೇತಿ ಶಿಬಿರ ಅದರದು. ಜಿಮ್‌ಗಳಿಗೆ "ಫ್ಯಾಮಿಲಿ ಪ್ಲಾನ್" ಎಂಬ ಸ್ಕೀಮು. ನಮ್ಮ ಸ್ಪರ್ಧೆಗೆ ಜಾಸ್ತಿ ಬಂದಷ್ಟೂ ನಿಮಗೆ ವಾಪಸ್ ರಿಯಾಯಿತಿ! ಸೋಪಿನ ಕಂಪನಿ ಏಜೆಂಟರು "ನಮ್ಮ ಮಾಲನ್ನೇ ಇಡಿ, ವರ್ಷದ ಕೊನೆಗೆ ನೋಡ್ಕೋತೀವಿ" ಅನ್ನುವುದನ್ನು ಕೇಳಿದ ಯಾವ ಅಂಗಡಿಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಯಮ ಮಾಡುವವರು. ಆಲ್ ಸ್ಟಾರ್ ಜಿಮ್‌ಗಳಿಗೆ ನಿಯಮ ಹೇಳುವ, ವರ್ಲ್ಡ್ಸ್ ನಡೆಸುವ ಸಂಸ್ಥೆ ಯು.ಎಸ್.ಎ.ಎಸ್.ಎಫ್. ಸ್ಥಾಪನೆಯಾದದ್ದು 2003ರಲ್ಲಿ. ಆ ಸಂಸ್ಥೆ ಕಟ್ಟಲು ಹಣ ಕೊಟ್ಟದ್ದೂ ವಾರ್ಸಿಟಿ, ಅದರ ಮೇಲೆ ಹಿಡಿತವಿರುವುದೂ ವಾರ್ಸಿಟಿಗೆ, ವರ್ಲ್ಡ್ಸ್‌ನ ಬಿಡ್ ಕೊಡುವ ಸ್ಪರ್ಧೆಗಳಲ್ಲಿ ಹೆಚ್ಚಿನವು ವಾರ್ಸಿಟಿಯವು, ಹಾಗಾಗಿ ಕೊನೆಯ ಜಾತ್ರೆಗೆ ಹೋಗಬೇಕೆಂದರೆ ವರ್ಷವಿಡೀ ಅದೇ ಅಂಗಡಿಗೆ ಹೋಗದೆ ವಿಧಿಯಿಲ್ಲ ಎಂಬುದು ದಾವೆ ಹೂಡಿದವರ ವಾದ.

ಇದರಲ್ಲೇ ಇದೆ ನೋಡಿ ಕೊನೆಯ ಚಾಂಪಿಯನ್‌ಷಿಪ್‌ನ ಗುಟ್ಟು. ಅದು ವರ್ಷದ ಕೊನೆಗೆ ಬರುವ ಒಂದು ದಿನ ಮಾತ್ರ ಅಲ್ಲ. ಹಿಂದಿನ ಹನ್ನೊಂದು ತಿಂಗಳನ್ನೂ ಎಳೆದು ಹಿಡಿದಿಡುವ ಹಗ್ಗ. ಹಗ್ಗದ ತುದಿ ಯಾರ ಕೈಯಲ್ಲಿದೆಯೋ ಅವನೇ ಧಣಿ.

ಕೋರ್ಟು ಮೆಟ್ಟಿಲು

2020ರಲ್ಲಿ ಜಿಮ್ ಮಾಲೀಕರು ಟೆನೆಸಿ ರಾಜ್ಯದ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದರು. ಮಾರುಕಟ್ಟೆಯನ್ನು ಒಬ್ಬರೇ ಕಬಳಿಸಿದ್ದಾರೆ, ಅದರಿಂದ ದರ ಏರಿದೆ ಎಂಬ ದೂರು. ಹಿಂದೆಯೇ ಹೆತ್ತವರ ಪರವಾಗಿಯೂ ದಾವೆ ಬಂತು. ವರ್ಷಗಟ್ಟಲೆ ಕಾಗದಪತ್ರ ಓಡಾಡಿದವು. ಆರೋಪವನ್ನು ಕಂಪನಿ ಒಪ್ಪಲಿಲ್ಲ. ಆದರೆ ವಿಚಾರಣೆ ಕೊನೆ ಮುಟ್ಟುವ ಮೊದಲೇ ರಾಜಿ ಮಾಡಿಕೊಂಡಿತು. 2023ರಲ್ಲಿ ಜಿಮ್‌ಗಳ ದಾವೆಗೆ 4 ಕೋಟಿ 35 ಲಕ್ಷ ಡಾಲರ್. 2024ರಲ್ಲಿ ಹೆತ್ತವರ ದಾವೆಗೆ 8 ಕೋಟಿ 25 ಲಕ್ಷ ಡಾಲರ್.

"ಅಬ್ಬಾ, ಕಂಪನಿ ಮುಳುಗಿರಬೇಕು" ಅಂದುಕೊಂಡಿರಾ? ಅದೇ 2024ರಲ್ಲಿ ಕೆ.ಕೆ.ಆರ್. ಎಂಬ ಬಂಡವಾಳ ಸಂಸ್ಥೆ ಈ ವಾರ್ಸಿಟಿಯನ್ನು ಕೊಂಡಿತು. ಕೋಲ್ಕತ್ತಾದ ಕ್ರಿಕೆಟ್ ತಂಡ ಅಲ್ಲ, ಇದು ನ್ಯೂಯಾರ್ಕಿನ ಸಾಹುಕಾರರ ಕೂಟ. ವ್ಯವಹಾರದ ಮೊತ್ತ ಸುಮಾರು 475 ಕೋಟಿ ಡಾಲರ್ ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಆ ಬೆಲೆಯಲ್ಲಿ ಶಾಲಾ ಕ್ರೀಡಾ ಸಾಮಗ್ರಿಯ ವ್ಯಾಪಾರವೂ ಸೇರಿದೆ ಎಂಬುದು ನಿಜ. ಆದರೂ ದಂಡದಂತೆ ತೆತ್ತದ್ದು ಎಷ್ಟು, ಅಂಗಡಿಗೆ ಬಂದ ಬೆಲೆ ಎಷ್ಟು ಅಂತ ಓದುಗರೇ ಭಾಗಾಕಾರ ಮಾಡಿ ನೋಡಲಿ.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ವೆಬ್‌ನಂಥವರು ಇಲ್ಲದಿದ್ದರೆ ಈ ಆಟ ಶಾಲೆಯ ಮೈದಾನದ ಬದಿಯಲ್ಲೇ ಉಳಿದಿರುತ್ತಿತ್ತು. ಟೀವಿ, ದೊಡ್ಡ ವೇದಿಕೆ, ಲಕ್ಷಾಂತರ ಮಕ್ಕಳಿಗೆ ಒಂದು ಗುರಿ ಎಲ್ಲ ಬಂದದ್ದು ಆ ವ್ಯಾಪಾರದಿಂದಲೇ. ಬಾವಿ ತೋಡಿದವನು ನೀರಿಗೆ ದುಡ್ಡು ಕೇಳುತ್ತಾನೆ ಅನ್ನಬಹುದು. ಊರಿನ ಬೇರೆ ಬಾವಿಗಳನ್ನೂ ಕೊಂಡುಕೊಂಡದ್ದು ಯಾಕೆ ಎಂಬುದಷ್ಟೇ ಪ್ರಶ್ನೆ.

ಇದು ಆಟವೋ, ಆಟವಲ್ಲವೋ?

ಇಷ್ಟೆಲ್ಲ ಆದರೂ ಇದು ಕ್ರೀಡೆಯೇ ಹೌದೇ ಎಂಬ ತಕರಾರು ಮುಗಿದಿಲ್ಲ. 2009ರಲ್ಲಿ ಕನೆಕ್ಟಿಕಟ್ ರಾಜ್ಯದ ಕ್ವಿನಿಪಿಯಾಕ್ ವಿಶ್ವವಿದ್ಯಾನಿಲಯ ಹುಡುಗಿಯರ ವಾಲಿಬಾಲ್ ತಂಡವನ್ನು ತೆಗೆದು, ಆ ಜಾಗಕ್ಕೆ ಸ್ಪರ್ಧಾ ಚಿಯರ್ ತಂಡವನ್ನು ತರುತ್ತೇನೆ ಅಂತು. ಗಂಡು ಹೆಣ್ಣಿಗೆ ಸಮಾನ ಕ್ರೀಡಾವಕಾಶ ಕೊಡಬೇಕೆಂಬ ಕಾನೂನು ಅಲ್ಲಿದೆ. ವಾಲಿಬಾಲ್ ಹುಡುಗಿಯರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. 2010ರ ಜುಲೈನಲ್ಲಿ ನ್ಯಾಯಾಧೀಶರು ಚಿಯರ್ ಇನ್ನೂ ಕ್ರೀಡೆಯಾಗುವಷ್ಟು ಬೆಳೆದಿಲ್ಲ, ವ್ಯವಸ್ಥಿತವಾಗಿಲ್ಲ ಎಂದು ತೀರ್ಪಿತ್ತರು. 2012ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ಕಥೆಗೆ ಸಂಬಂಧಿಸಿದ್ದು. ನಿಜವಾದ ಆಟದಲ್ಲಿ ವರ್ಷವಿಡೀ ಗೆದ್ದವರು ಮೇಲೇರಿ ಮೇಲೇರಿ ಕೊನೆಗೆ ಫೈನಲ್ ತಲುಪುತ್ತಾರೆ. ಇವರ ಋತು ಕೊನೆಯ ಸ್ಪರ್ಧೆಯೋ, ಬಂದವರಿಗೆಲ್ಲ ಬಾಗಿಲು ತೆರೆದ ಆಹ್ವಾನ ಸ್ಪರ್ಧೆ. ವರ್ಷದಲ್ಲಿ ಯಾರು ಹೇಗೆ ಆಡಿದರು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಅಂದರೆ ಹುಡುಗಿಯರ ಮೈಯಲ್ಲಿ ಕಸುವಿಲ್ಲ ಅಂತ ಕೋರ್ಟು ಹೇಳಲಿಲ್ಲ. ನಡೆಸುವವರ ಏರ್ಪಾಟು ಸರಿಯಿಲ್ಲ ಅಂತು. ತಪ್ಪು ಸಂಘಟಕರದು, ಕ್ರೀಡಾಪಟು ಅನ್ನಿಸಿಕೊಳ್ಳುವ ಮಾನ ತಪ್ಪಿದ್ದು ಹುಡುಗಿಯರಿಗೆ!

ಬಿದ್ದರೆ ಮಾತ್ರ ಮೂಳೆ ಮುರಿಯುವುದು ನಿಜವಾದದ್ದೇ. 1982ರಿಂದ 2007ರವರೆಗಿನ 25 ವರ್ಷದ ಲೆಕ್ಕ ಇಟ್ಟ ಅಲ್ಲಿನ ರಾಷ್ಟ್ರೀಯ ಕ್ರೀಡಾ ಗಾಯ ಸಂಶೋಧನಾ ಕೇಂದ್ರದ ಪ್ರಕಾರ, ಹೈಸ್ಕೂಲು ಹುಡುಗಿಯರಿಗೆ ಕ್ರೀಡೆಗಳಲ್ಲಿ ಆದ ಪ್ರಾಣಾಂತಿಕ ಇಲ್ಲವೇ ಅತಿ ಘೋರ ಗಾಯಗಳಲ್ಲಿ ನೂರಕ್ಕೆ 65ರಷ್ಟು ಚಿಯರ್‌ಲೀಡಿಂಗ್‌ನಿಂದಲೇ ಆದವು.

2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್ ನಗರದ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಒಬ್ಬ ಕಾಲೇಜು ಹುಡುಗಿ ಗೋಪುರದ ಮೇಲಿಂದ, ಸುಮಾರು 15 ಅಡಿ ಎತ್ತರದಿಂದ ತಲೆ ಕೆಳಗಾಗಿ ಬಿದ್ದಳು. ಕತ್ತಿನ ಮೂಳೆ ಸೀಳಿತ್ತು. ಸ್ಟ್ರೆಚರಿನ ಮೇಲೆ ಕಟ್ಟಿ ಹೊರಕ್ಕೆ ಸಾಗಿಸುತ್ತಿದ್ದಾಗ ಕಾಲೇಜಿನ ವಾದ್ಯದವರು ತಮ್ಮ ತಂಡದ ಹಾಡು ನುಡಿಸಿದರು. ಆಕೆ ಮಲಗಿದ್ದಲ್ಲೇ ಕೈಗಳನ್ನೆತ್ತಿ ತಾಳಕ್ಕೆ ಸರಿಯಾಗಿ ಚಿಯರ್ ಮಾಡಿದಳು! ದೇಶವೇ ಟೀವಿಯಲ್ಲಿ ಅದನ್ನು ನೋಡಿತು. ಆಮೇಲೆ ಕಾಲೇಜುಗಳಲ್ಲಿ ಗಟ್ಟಿ ನೆಲದ ಮೇಲೆ ಎಸೆದು ಹಿಡಿಯುವ ಕಸರತ್ತಿಗೆ ಕಡಿವಾಣ ಬಿತ್ತು. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಇದನ್ನು ಕ್ರೀಡೆ ಅಂತಲೇ ಪರಿಗಣಿಸಿ, ತರಬೇತಾದ ಕೋಚ್, ವೈದ್ಯರ ನೆರವು ಎಲ್ಲವನ್ನೂ ಒದಗಿಸಿ ಎಂದು ಶಿಫಾರಸು ಮಾಡಿತು.

ಲೋಕದ ಮಟ್ಟದಲ್ಲಿ ಮಾತ್ರ ಬಾಗಿಲು ತೆರೆದಿದೆ. ಚಿಯರ್‌ನ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಒಲಿಂಪಿಕ್ ಸಮಿತಿ 2016ರಲ್ಲಿ ತಾತ್ಕಾಲಿಕ ಮಾನ್ಯತೆ, 2021ರ ಜುಲೈನಲ್ಲಿ ಪೂರ್ಣ ಮಾನ್ಯತೆ ಕೊಟ್ಟಿತು. ಮಾನ್ಯತೆ ಬಂದ ಮಾತ್ರಕ್ಕೆ ಒಲಿಂಪಿಕ್ಸ್‌ನಲ್ಲಿ ಪದಕ ಇದೆ ಅಂತಲ್ಲ. ಬಾಗಿಲು ತೆರೆಯಿತು, ಒಳಗೆ ಕುರ್ಚಿ ಇನ್ನೂ ಹಾಕಿಲ್ಲ.

ಸಂಗೀತ ನಿಂತ ಮೇಲೆ

ಇಷ್ಟು ಓದಿದ ಮೇಲೆ ಯಾರಾದರೂ ಕೇಳಬಹುದು. "ಇಷ್ಟು ವಸೂಲಿ, ಇಷ್ಟು ಅಪಾಯ. ಮತ್ತೆ ಆ ಮಕ್ಕಳು ಯಾಕ್ರೀ ಹೋಗ್ತಾರೆ?"

ಉತ್ತರ ಆ ನೆಟ್‌ಫ್ಲಿಕ್ಸ್ ಸರಣಿ ನೋಡಿದವರಿಗೆ ಗೊತ್ತು. ನವಾರೊ ತಂಡದಲ್ಲಿದ್ದವರಲ್ಲಿ ಹಲವರು ಒಡೆದ ಮನೆಗಳಿಂದ, ಬಡ ಮನೆಗಳಿಂದ ಬಂದವರು. ಗಂಡುಹುಡುಗರೂ ಇದ್ದರು. ತಾನು ಕೈ ಬಿಟ್ಟರೆ ಇನ್ನೊಬ್ಬಳು ಬೀಳುತ್ತಾಳೆ, ತಾನು ಬಿದ್ದರೆ ಹಿಡಿಯಲು ನಾಲ್ವರಿದ್ದಾರೆ ಎಂಬ ನಂಬಿಕೆ ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅದನ್ನು ಯಾವ ಕಂಪನಿಯೂ ಮಾರುವುದಿಲ್ಲ, ಯಾವ ಕಂಪನಿಯೂ ಕೊಳ್ಳಲಾರದು. ಅದು ಮಕ್ಕಳೇ ಸೇರಿ ಮಾಡಿಕೊಂಡದ್ದು.

ಅದಕ್ಕೇ ಕೊನೆಯ ಚಾಂಪಿಯನ್‌ಷಿಪ್ ಅಂದರೆ ಅವರಿಗೆ ಎದೆ ಹಿಂಡುತ್ತದೆ. ನಮ್ಮ ಕ್ರಿಕೆಟ್ ಹುಡುಗನಿಗೆ ಕಾಲೇಜು ಮುಗಿದರೂ ಕ್ಲಬ್ಬಿದೆ, ರಣಜಿ ಇದೆ, ಅದೃಷ್ಟವಿದ್ದರೆ ಐ.ಪಿ.ಎಲ್. ಇದೆ. ಇವರಲ್ಲಿ ಬಹುಪಾಲಿಗೆ ಮುಂದೆ ಮೆಟ್ಟಿಲಿಲ್ಲ. ಹದಿನೈದು ವರ್ಷ ಕಲಿತದ್ದು ಇಪ್ಪತ್ತು, ಇಪ್ಪತ್ತೆರಡನೇ ವಯಸ್ಸಿಗೆ ಒಂದು ಮಧ್ಯಾಹ್ನ ಎರಡೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಂಗೀತ ನಿಂತ ಮೇಲೆ ಗೆದ್ದವರೂ ಅಳುತ್ತಾರೆ, ಸೋತವರೂ ಅಳುತ್ತಾರೆ. ಸುಮ್ಮನೆ ಅಲ್ಲ.

ಆ ಪ್ರೀತಿ ಅಷ್ಟು ಗಟ್ಟಿ ಇರುವುದರಿಂದಲೇ ವಸೂಲಿ ಅಷ್ಟು ಸಲೀಸು. ಬೇಡವಾದ ಮಾಲಿಗೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಮಗಳ ಕಣ್ಣೀರು ಒರೆಸಲು ತಂದೆ ಎಷ್ಟಾದರೂ ಕೊಡುತ್ತಾನೆ ಅಂತ ವ್ಯಾಪಾರಿಗೆ ಗೊತ್ತು.

ಇದು ಅಮೆರಿಕದ ಕಥೆ, ನಿಜ. ಆದರೆ ಮಕ್ಕಳನ್ನು ಯಾವುದಾದರೂ ಸ್ಪರ್ಧೆಗೆ ಸೇರಿಸಿ ಶುಲ್ಕ ಕಟ್ಟುವ ತಂದೆತಾಯಿಗಳು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಅಂಕಣದ ಒಂದೇ ಸಲಹೆ. ದುಡ್ಡು ಕಟ್ಟುವ ಮೊದಲು ಮೂರು ಹೆಸರು ಓದಿಕೊಳ್ಳಿ. ಸ್ಪರ್ಧೆ ನಡೆಸುವವನ ಹೆಸರು, ನಿಯಮ ಮಾಡುವವನ ಹೆಸರು, ಬಟ್ಟೆ ಮಾರುವವನ ಹೆಸರು. ಮೂರೂ ಒಂದೇ ಆಗಿದ್ದರೆ, ರಸೀದಿ ಕೇಳಿ ಪಡೆದು ಜೋಪಾನವಾಗಿಡಿ. ಅಮೆರಿಕದ ಹೆತ್ತವರು ಕೋರ್ಟಿಗೆ ಹೋದಾಗ ಕೆಲಸಕ್ಕೆ ಬಂದದ್ದು ಎಷ್ಟು ಕಟ್ಟಿದ್ದೆವು ಎಂಬ ಆ ಲೆಕ್ಕವೇ.